ಕಫದ ಡಬ್ಬಿ ಮತ್ತು ಬ್ಯಾಕ್ಟೀರಿಯಾದ ಬಾಣ

ಐಸಿಯುನಿಂದ ಬರುವ ಕಲ್ಚರ್ ರಿಪೋರ್ಟನ್ನು ಯಾವತ್ತಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ನೋಡದೇ ಇದ್ದರೆ ಪುಣ್ಯವಂತರು. ಒಂದೇ ಹಾಳೆ. ಮೇಲೆ ರೋಗಿಯ ಹೆಸರು, ವಯಸ್ಸು, ಬೆಡ್ ನಂಬರು. ಅದರ ಕೆಳಗೆ ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು ಅನ್ನುವುದು. ವೆಂಟಿಲೇಟರ್ ಮೇಲಿರುವವರಲ್ಲಿ ತುಂಬಾ ಸಲ ಅದು ಅಸಿನೆಟೊಬ್ಯಾಕ್ಟರ್ ಆಗಿರುತ್ತದೆ, ಇಲ್ಲವೇ ಕ್ಲೆಬ್ಸಿಯೆಲ್ಲಾ, ಇಲ್ಲವೇ ಸ್ಯೂಡೊಮೊನಾಸ್. ಆಮೇಲೆ ಆ್ಯಂಟಿಬಯೋಟಿಕ್‌ಗಳ ಉದ್ದ ಪಟ್ಟಿ. ಪ್ರತಿ ಹೆಸರಿನ ಎದುರು ಒಂದೊಂದು ಇಂಗ್ಲಿಷ್ ಅಕ್ಷರ. 'ಎಸ್' ಇದ್ದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ. 'ಆರ್' ಇದ್ದರೆ ಜಗ್ಗುವುದಿಲ್ಲ.

ಈಗೀಗ ಆ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಆರ್, ಆರ್, ಆರ್ ಅಂತ ಸಾಲುಗಟ್ಟಿರುವುದು ಅಪರೂಪವೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೊಡ್ಡ ಆಸ್ಪತ್ರೆಗಳಿಂದ ಒಟ್ಟುಮಾಡುವ ಲೆಕ್ಕದ ಪ್ರಕಾರ ಅಸಿನೆಟೊಬ್ಯಾಕ್ಟರ್ ಮಾದರಿಗಳಲ್ಲಿ ಶೇ 80ಕ್ಕಿಂತ ಜಾಸ್ತಿ, ಮೆರೊಪೆನೆಮ್ ಥರದ ಬಲವಾದ ಔಷಧಿಗೂ ಬಗ್ಗುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಕೊಲಿಸ್ಟಿನ್ ಅಂತ ಒಂದು ಹೆಸರು ಉಳಿದಿರುತ್ತದೆ. ಅದರ ಎದುರು 'ಐ'. ಇಂಟರ್‌ಮೀಡಿಯೆಟ್, ಅತ್ತಲೂ ಅಲ್ಲ ಇತ್ತಲೂ ಅಲ್ಲ. ನಮ್ಮಲ್ಲಿ ಎಷ್ಟೋ ಲ್ಯಾಬ್‌ಗಳು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ 'ಎಸ್' ಅನ್ನುವ ಅಕ್ಷರವೇ ಇಲ್ಲ. ಇದು ಕೆಲಸ ಮಾಡುತ್ತದೆ ಅಂತ ಧೈರ್ಯವಾಗಿ ಬರೆದುಕೊಡಲು ಯಾರೂ ತಯಾರಿಲ್ಲ, ಅಷ್ಟೇ.

ಈ ಕೊಲಿಸ್ಟಿನ್ ಎಲ್ಲಿಂದ ಬಂತು ಗೊತ್ತಾ? ಬ್ಯಾಕ್ಟೀರಿಯಾದಿಂದಲೇ. 1940ರ ದಶಕದ ಕೊನೆಗೆ ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷ ಅದು. ಮೂತ್ರಪಿಂಡ ಹಾಳುಮಾಡುತ್ತದೆ ಅಂತ 1970ರ ದಶಕದಲ್ಲಿ ವೈದ್ಯರು ಅದನ್ನು ಅಟ್ಟಕ್ಕೆ ಹಾಕಿದ್ದರು. ಬೇರೆ ದಾರಿ ಕಾಣದೆ ಮತ್ತೆ ಕೆಳಗಿಳಿಸಿದರು.

'ಆ್ಯಂಟಿಬಯೋಟಿಕ್‌ಗೆ ಬದಲಿಯಾಗಿ ಒಳ್ಳೆಯ ಬ್ಯಾಕ್ಟೀರಿಯಾ' ಅನ್ನುವ ಸುದ್ದಿ ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತದೆ. ಶ್ವಾಸಕೋಶದ ಸೋಂಕಿನ ವಿಷಯದಲ್ಲಂತೂ ಜಾಸ್ತಿ. ಅದಕ್ಕೆ ಕಾರಣವೂ ಇದೆ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಅಂತ ಒಂದು ದೊಡ್ಡ ಅಂದಾಜು ಹೇಳಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಶ್ವಾಸಕೋಶದ ಸೋಂಕಿನದ್ದು. ಹಾಗಾಗಿ ಬದಲಿ ಬೇಕು ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಆ ಸುದ್ದಿಗಳನ್ನು ಓದಿದಾಗೆಲ್ಲ ನನಗೆ ಈ ರಿಪೋರ್ಟಿನ ಕೊನೆಯ ಸಾಲು ನೆನಪಾಗುತ್ತದೆ. ಬದಲಿ ಅಂದರೆ ಯಾವುದಕ್ಕೆ ಬದಲಿ? ಇಷ್ಟು ದಿನ ನುಂಗಿದ್ದೂ ಬ್ಯಾಕ್ಟೀರಿಯಾದ ಸರಕನ್ನೇ ಅಲ್ವಾ?

ಕ್ಷಯಕ್ಕೆ ಮಾತ್ರೆ ತೆಗೆದುಕೊಂಡವರನ್ನು ಕೇಳಿ. ಮಾತ್ರೆ ಶುರುಮಾಡಿದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಅರ್ಧ ಜೀವ ಹೋಗಿರುತ್ತದೆ. 'ಅದು ಮಾತ್ರೆ ಬಣ್ಣ, ಹೆದರ್ಕೋಬೇಡಿ' ಅಂತ ನರ್ಸಮ್ಮ ಹೇಳಿದ ಮೇಲೇ ಸಮಾಧಾನ. ಆ ಬಣ್ಣ ರಿಫಾಂಪಿಸಿನ್‌ನದು. 1957ರಲ್ಲಿ ಫ್ರಾನ್ಸಿನ ಕಡಲತೀರದ ಒಂದು ಪೈನ್ ಕಾಡಿನ ಮಣ್ಣು ಇಟಲಿಯ ಮಿಲಾನಿನ ಲ್ಯಾಬಿಗೆ ಬಂತು. ಆ ಮಣ್ಣಿನ ಬ್ಯಾಕ್ಟೀರಿಯಾ ಇದರ ಮೂಲ. ಅದಕ್ಕೂ ಮೊದಲು, 1943ರಲ್ಲಿ, ಅಮೆರಿಕದ ರಟ್ಗರ್ಸ್‌ನಲ್ಲಿ ಆಲ್ಬರ್ಟ್ ಶಾಟ್ಜ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾದಿಂದ ಕ್ಷಯದ ಇನ್ನೊಂದು ಮದ್ದು ಸ್ಟ್ರೆಪ್ಟೊಮೈಸಿನ್ ತೆಗೆದಿದ್ದರು. ಮೆಡಿಕಲ್ ಶಾಪಿನಲ್ಲಿ 'ಮೂರು ದಿನದ ಕೋರ್ಸು' ಅಂತ ಕೊಡುವ ಅಜಿತ್ರೊಮೈಸಿನ್‌ನ ತಾಯಿಬೇರು ಎರಿಥ್ರೊಮೈಸಿನ್ ಕೂಡ ಮಣ್ಣಿನ ಬ್ಯಾಕ್ಟೀರಿಯಾದ್ದೇ. ಗಾಯಕ್ಕೆ ಹಚ್ಚುವ ಮುಪಿರೋಸಿನ್ ಮುಲಾಮೂ ಬ್ಯಾಕ್ಟೀರಿಯಾದ್ದೇ. ಪೆನಿಸಿಲಿನ್ ಬೂಷ್ಟಿನಿಂದ ಬಂದಿದ್ದು ಅಂತ ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೋ ಏನೋ, ಬ್ಯಾಕ್ಟೀರಿಯಾಕ್ಕೆ ಬರಬೇಕಾದ ಹೆಸರು ಬಂದೇ ಇಲ್ಲ.

ಹಾಗಾದರೆ ಹೊಸದೇನು?

ಹೊಸದು ಇರುವುದು ಗುರಿಯಲ್ಲಿ. ಹಳೆಯ ಆ್ಯಂಟಿಬಯೋಟಿಕ್‌ಗಳಲ್ಲಿ ಎಷ್ಟು ಜಾತಿ ಬ್ಯಾಕ್ಟೀರಿಯಾ ಸಾಯುತ್ತವೆ ಅನ್ನುವುದೇ ದೊಡ್ಡ ಗುಣ. ಜಾಸ್ತಿ ಕೊಂದಷ್ಟೂ ಒಳ್ಳೆಯದು ಅಂದುಕೊಂಡಿದ್ದ ಕಾಲ ಅದು. ಹೊಲಕ್ಕೆ ಕಳೆನಾಶಕ ಹೊಡೆದ ಹಾಗೆ. ಕಳೆ ಸಾಯುತ್ತದೆ, ಬದುವಿನ ಮೇಲೆ ತಾನಾಗೇ ಬೆಳೆದಿದ್ದ ಬೆರಕೆ ಸೊಪ್ಪೂ ಸಾಯುತ್ತದೆ. ಕೆಮ್ಮಿಗೆ ಅಂತ ನುಂಗಿದ ಮಾತ್ರೆಯಿಂದ ಹೊಟ್ಟೆ ಕೆಡುವುದು ಹೀಗೇ. ಜೊತೆಗೆ, ಕರುಳಿನಲ್ಲಿ ಸುಮ್ನೆ ಕೂತಿದ್ದ ಬ್ಯಾಕ್ಟೀರಿಯಾಗಳಿಗೂ ಆ ಔಷಧಿಯನ್ನು ಎದುರಿಸುವ ಪಾಠ ಸಿಗುತ್ತದೆ.

ಈಗ ಹುಡುಕುತ್ತಿರುವುದು ಕೈಯಲ್ಲಿ ಕಳೆ ಕಿತ್ತಹಾಗೆ ಕೆಲಸ ಮಾಡುವ ವಸ್ತುಗಳನ್ನು. ಬ್ಯಾಕ್ಟೀರಿಯಾ ಲೋಕದಲ್ಲಿ ಕಾಳಗ ಜಾಸ್ತಿ ನಡೆಯುವುದು ದಾಯಾದಿಗಳ ನಡುವೆ. ಅವರಿಗೆ ಬೇಕಾದ ಊಟ ಒಂದೇ, ಜಾಗ ಒಂದೇ, ಜಗಳ ಬರದೇ ಇರುತ್ತದೆಯೇ? ಹಾಗಾಗಿ ಅವು ಮಾಡಿಕೊಂಡಿರುವ ಎಷ್ಟೋ ಅಸ್ತ್ರಗಳು ಹತ್ತಿರದ ಸಂಬಂಧಿಗಳಿಗೆ ಮಾತ್ರ ತಾಗುತ್ತವೆ. ಇವಕ್ಕೆ ಬ್ಯಾಕ್ಟೀರಿಯೊಸಿನ್ ಅಂತ ಹೆಸರು. 1925ರಲ್ಲಿ ಬೆಲ್ಜಿಯಂನ ಆಂದ್ರೆ ಗ್ರಾಶಿಯಾ ಇಂಥದ್ದೊಂದನ್ನು ಮೊದಲು ಕಂಡರು. ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ತಳಿ ಇನ್ನೊಂದು ತಳಿಯನ್ನು ಮುಗಿಸುತ್ತಿತ್ತು. ಫ್ಲೆಮಿಂಗ್ ಪೆನಿಸಿಲಿನ್ ಕಂಡಿದ್ದು 1928ರಲ್ಲಿ. ಅಂದರೆ ಈ ವಿಚಾರ ಪೆನಿಸಿಲಿನ್‌ಗಿಂತ ಮೂರು ವರ್ಷ ಹಳೆಯದು. ಸಿಕ್ಕಸಿಕ್ಕದ್ದನ್ನೆಲ್ಲ ಕೊಲ್ಲುವ ಮದ್ದು ಕೈಗೆ ಬಂದಮೇಲೆ ದಾಯಾದಿಯನ್ನು ಮಾತ್ರ ಕೊಲ್ಲುವ ಮದ್ದಿನ ಗೊಡವೆ ಯಾರಿಗೆ?

ಅಡುಗೆಮನೆಗೆ ಮಾತ್ರ ಇದರ ನಂಟು ಬಿಡಲಿಲ್ಲ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಇಡುತ್ತೇವೆ. ಬೆಳಿಗ್ಗೆಗೆ ಗಟ್ಟಿ ಮೊಸರು. ಅದೇ ಹಾಲನ್ನು ಹಾಗೇ ಬಿಟ್ಟಿದ್ದರೆ ಒಡೆದು ನಾರುತ್ತಿತ್ತು. ಹೆಪ್ಪಿನ ಬ್ಯಾಕ್ಟೀರಿಯಾ ಹುಳಿ ಹಿಡಿಸಿ ಬೇರೆಯವಕ್ಕೆ ಜಾಗ ಕೊಡಲಿಲ್ಲ. ಇದರಲ್ಲಿ ಹೆಚ್ಚಿನ ಕೆಲಸ ಹುಳಿಯದ್ದೇ. ಆದರೆ ಹಾಲನ್ನು ಹುಳಿ ಮಾಡುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳು ನೈಸಿನ್ ಅನ್ನುವ ಬ್ಯಾಕ್ಟೀರಿಯೊಸಿನ್ ಕೂಡ ಮಾಡುತ್ತವೆ. ಆಹಾರ ಕೆಡದಂತೆ ಇದನ್ನು ಹಾಕಬಹುದು ಅಂತ 1969ರಲ್ಲೇ ಒಪ್ಪಿಗೆ ಸಿಕ್ಕಿತು. ಚೀಸ್ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ 234 ಅಂತ ಇದ್ದರೆ ಅದೇ ಇದು.

ನೈಸಿನ್‌ನ ವರಸೆ ನೋಡಬೇಕು. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಲಿಪಿಡ್-2 ಅನ್ನುವ ಒಂದು ಇಟ್ಟಿಗೆ ಬಳಸುತ್ತದೆ. ಆಸ್ಪತ್ರೆಗಳ ನೆಚ್ಚಿನ ಔಷಧಿ ವ್ಯಾಂಕೊಮೈಸಿನ್ ಆ ಇಟ್ಟಿಗೆಯ ಒಂದು ತುದಿ ಹಿಡಿಯುತ್ತದೆ. ನೈಸಿನ್ ಇನ್ನೊಂದು ತುದಿ ಹಿಡಿದು, ಅಲ್ಲೇ ಪೊರೆಗೆ ತೂತು ಕೊರೆಯುತ್ತದೆ. ವ್ಯಾಂಕೊಮೈಸಿನ್ ಹಿಡಿಯುವ ತುದಿಯನ್ನು ಕೆಲವು ಬ್ಯಾಕ್ಟೀರಿಯಾಗಳು ಈಗಾಗಲೇ ಬದಲಾಯಿಸಿಕೊಂಡಿವೆ. ನೈಸಿನ್ ಹಿಡಿಯುವ ತುದಿಯನ್ನು ಬದಲಾಯಿಸುವುದು ಅಷ್ಟು ಸಲೀಸಲ್ಲ.

ರಾತ್ರಿ ಮೊಸರು ತಿಂದರೆ ಕಫ ಕಟ್ಟುತ್ತದೆ ಅಂತ ಬೈಸಿಕೊಂಡು ಬೆಳೆದವರು ನಾವು. ಅದೇ ಮೊಸರಿನ ಮಾತನ್ನು ಶ್ವಾಸಕೋಶದ ಲೇಖನದಲ್ಲಿ ಎತ್ತುವುದು ತಮಾಷೆಯೇ. ಹಾಗಂತ ನ್ಯುಮೋನಿಯಾಕ್ಕೆ ಮಜ್ಜಿಗೆ ಮದ್ದು ಅಂತ ವಾಟ್ಸಾಪಿಗೆ ಹಾಕಬೇಡಿ, ದಮ್ಮಯ್ಯ. ನೈಸಿನ್ ಒಂದು ಪುಟ್ಟ ಪ್ರೋಟೀನ್ ತುಂಡು. ಹೊಟ್ಟೆಗೆ ಹೋದರೆ ಬೇಳೆಯ ಹಾಗೆ ಜೀರ್ಣವಾಗಿಬಿಡುತ್ತದೆ. ಎದೆಯವರೆಗೆ ಬರುವುದಿಲ್ಲ.

ಮೂಗಿನೊಳಗಿನ ಕಾಳಗ

ಎದೆಗೆ ಇಳಿಯುವ ಮೊದಲು ಮೂಗು ನೋಡಬೇಕು. ನಾವು ನಿದ್ದೆ ಮಾಡುವಾಗ ಮೂಗು, ಗಂಟಲಿನ ತೇವ ಒಂಚೂರು ಒಂಚೂರೇ ಶ್ವಾಸನಾಳಕ್ಕೆ ಜಾರುತ್ತದೆ. ಆರೋಗ್ಯವಂತರಲ್ಲೂ ಇದು ನಡೆಯುತ್ತದೆ. ಹಾಗಾಗಿ ಎಷ್ಟೋ ನ್ಯುಮೋನಿಯಾಗಳ ಬೀಜ ಇರುವುದು ಮೇಲುಗಡೆಯೇ. ಸುಮಾರು ಮೂರು ಜನರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಇರುತ್ತದೆ. ಎಂಆರ್‌ಎಸ್‌ಎ ಅಂತ ಆಸ್ಪತ್ರೆಯವರು ಹೆದರುವುದು ಇದರ ಔಷಧಿಗೆ ಬಗ್ಗದ ರೂಪಕ್ಕೆ. ಉಳಿದ ಇಬ್ಬರ ಮೂಗಿನಲ್ಲಿ ಯಾಕಿಲ್ಲ?

ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಆಂದ್ರಿಯಾಸ್ ಪೆಷೆಲ್ ಅವರ ತಂಡ 2016ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಆಸ್ಪತ್ರೆಯಲ್ಲಿದ್ದ 187 ರೋಗಿಗಳ ಮೂಗಿನ ಮಾದರಿ ನೋಡಿದರು. ಕೆಲವರ ಮೂಗಿನಲ್ಲಿ ಆರಿಯಸ್‌ನ ದಾಯಾದಿ ಸ್ಟೆಫೈಲೊಕಾಕಸ್ ಲಗ್ಡುನೆನ್ಸಿಸ್ ಇತ್ತು. ಅಂಥವರಲ್ಲಿ ಆರಿಯಸ್ ಸಿಕ್ಕಿದ್ದು ಶೇ 5.9 ಜನರಲ್ಲಿ ಮಾತ್ರ. ಲಗ್ಡುನೆನ್ಸಿಸ್ ಇಲ್ಲದವರಲ್ಲಿ ಶೇ 34.7. ಈ ದಾಯಾದಿ ಲಗ್ಡುನಿನ್ ಅನ್ನುವ ಉಂಗುರದಾಕಾರದ ಪುಟ್ಟ ಅಣು ಮಾಡಿ ಆರಿಯಸ್ಸನ್ನು ಓಡಿಸುತ್ತಿತ್ತು. ಲ್ಯಾಬಿನಲ್ಲಿ 30 ದಿನ ಸತತವಾಗಿ ಸ್ವಲ್ಪಸ್ವಲ್ಪ ಲಗ್ಡುನಿನ್ ಕೊಟ್ಟು ನೋಡಿದರೂ ಆರಿಯಸ್‌ಗೆ ಅದನ್ನು ಎದುರಿಸುವ ದಾರಿ ಸಿಗಲಿಲ್ಲ. ರಿಫಾಂಪಿಸಿನ್ ಕೊಟ್ಟಾಗ ಕೆಲವೇ ದಿನಕ್ಕೆ ಸಿಕ್ಕಿತ್ತು.

2023ರಲ್ಲಿ ಅದೇ ಟ್ಯೂಬಿಂಗೆನ್‌ನವರು ಎಪಿಫಾಡಿನ್ ಅನ್ನುವ ಇನ್ನೊಂದನ್ನು ಹೊರತಂದರು. ಇದನ್ನು ಮಾಡುವುದು ನಮ್ಮ ಚರ್ಮ, ಮೂಗಿನಲ್ಲಿ ಧಾರಾಳವಾಗಿರುವ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್. ಇದರ ಗುಣ ವಿಚಿತ್ರ. ಕೆಲವೇ ಗಂಟೆಗಳಲ್ಲಿ ತಾನಾಗೇ ಕೆಟ್ಟುಹೋಗುತ್ತದೆ. ಬ್ಯಾಕ್ಟೀರಿಯಾದ ಮಟ್ಟಿಗೆ ಇದು ಜಾಣತನ, ಪಕ್ಕದಲ್ಲಿರುವ ಎದುರಾಳಿ ಮಾತ್ರ ಸಾಯುತ್ತಾನೆ, ಓಣಿಗೆಲ್ಲ ವಿಷ ಹರಡುವುದಿಲ್ಲ. ಆದರೆ ಔಷಧಿ ಮಾಡುವವರಿಗೆ ತಲೆನೋವು. ಕೆಲವು ಗಂಟೆ ಬಾಳುವ ವಸ್ತುವನ್ನು ಡಬ್ಬಿಯಲ್ಲಿ ತುಂಬಿ ಮಾರುವುದು ಹೇಗೆ? ಲಗ್ಡುನಿನ್ ಕೂಡ ಇನ್ನೂ ಮೆಡಿಕಲ್ ಶಾಪಿಗೆ ಬಂದಿಲ್ಲ.

ಇನ್ನೊಂದು ಸಣ್ಣ ಉದಾಹರಣೆ ನನಗೆ ತುಂಬಾ ಇಷ್ಟ. ಮಕ್ಕಳ ಮೂಗಿನಲ್ಲಿರುವ ಕೊರಿನೆಬ್ಯಾಕ್ಟೀರಿಯಂ ಅಕೊಲೆನ್ಸ್ ಯಾವ ಅಸ್ತ್ರವನ್ನೂ ತಯಾರಿಸಬೇಕಿಲ್ಲ. ನಮ್ಮ ಮೈಯ ಜಿಡ್ಡನ್ನು ಮುರಿದು ತಿನ್ನುತ್ತದೆ. ಮುರಿದಾಗ ಬರುವ ಓಲಿಯಿಕ್ ಆಮ್ಲ ನ್ಯುಮೊಕಾಕಸ್‌ಗೆ ಆಗಿಬರುವುದಿಲ್ಲ. ಮಕ್ಕಳ ನ್ಯುಮೋನಿಯಾದ ದೊಡ್ಡ ಕಾರಣ ಈ ನ್ಯುಮೊಕಾಕಸ್. ಇನ್ನೊಬ್ಬರ ಊಟದ ಎಂಜಲಿಗೆ ಹೆದರಿ ಓಡಿಹೋಗುವ ಶತ್ರು!

ಎದೆಯ ಒಳಗೆ ಕಥೆ ಬೇರೆ

ಶ್ವಾಸಕೋಶದ ಒಳಗಿನ ಹಳೆಯ ಶತ್ರು ಸ್ಯೂಡೊಮೊನಾಸ್ ಏರುಜಿನೋಸಾ. ಸಿಂಕು, ನಲ್ಲಿ, ನೆಬುಲೈಸರ್ ಕೊಳವೆ, ಎಲ್ಲಿ ತೇವ ಇದೆಯೋ ಅಲ್ಲಿ ಇರುತ್ತದೆ. ಗಟ್ಟಿಮುಟ್ಟಾಗಿರುವವರನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಶ್ವಾಸನಾಳ ಹಿಗ್ಗಿ, ಜೋತು, ಕಫ ನಿಂತವರ ಎದೆಯಲ್ಲಿ ಒಮ್ಮೆ ಬಿಡಾರ ಹೂಡಿದರೆ ಏಳುವುದಿಲ್ಲ. ಹೀಗೆ ನಾಳ ಹಿಗ್ಗುವುದಕ್ಕೆ ಬ್ರಾಂಕಿಯೆಕ್ಟೇಸಿಸ್ ಅನ್ನುತ್ತಾರೆ. ಪಶ್ಚಿಮದ ದೇಶಗಳಲ್ಲಿ ಸ್ಯೂಡೊಮೊನಾಸ್ ಸಂಶೋಧನೆಯ ಹೆಚ್ಚಿನ ಪಾಲು ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಹುಟ್ಟುಕಾಯಿಲೆಯ ಸುತ್ತ ಬೆಳೆಯಿತು. ನಮ್ಮ ಕಥೆ ಬೇರೆ. 2019ರಲ್ಲಿ ಪ್ರಕಟವಾದ ಭಾರತದ ಒಂದು ದೊಡ್ಡ ಅಧ್ಯಯನ ಬ್ರಾಂಕಿಯೆಕ್ಟೇಸಿಸ್ ಇರುವ 2,195 ಜನರನ್ನು ನೋಡಿತು. ಅವರಲ್ಲಿ ಶೇ 35.5 ಜನಕ್ಕೆ ಕಾರಣ ಹಿಂದೆ ಬಂದಿದ್ದ ಕ್ಷಯ. ಕಫದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಳೆದಿದ್ದು ಸ್ಯೂಡೊಮೊನಾಸ್. ಕ್ಷಯ ವಾಸಿಯಾಯಿತು ಅಂತ ಕಾರ್ಡು ಮುಚ್ಚಿ ವರ್ಷಗಳಾದರೂ ಬೆಳಗಾಗೆದ್ದು ಹಿತ್ತಲಲ್ಲಿ ಕೂತು ಅರ್ಧ ಲೋಟ ಹಸಿರು ಕಫ ಉಗುಳುವ ಅಜ್ಜಂದಿರನ್ನು ನೀವೂ ನೋಡಿರುತ್ತೀರಿ.

ಸ್ಯೂಡೊಮೊನಾಸ್ ತಳಿಗಳ ನಡುವೆಯೂ ದಾಯಾದಿ ಜಗಳ ಇದೆ. ಅವು ಒಂದರ ಮೇಲೊಂದು ಎಸೆಯುವ ಅಸ್ತ್ರಕ್ಕೆ ಪಯೋಸಿನ್ ಅಂತ ಹೆಸರು. ಇದರ ಉಪಾಯ ಚೆಂದ. ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಬೇಕೇ ಬೇಕು. ನಮ್ಮ ದೇಹ ಕಬ್ಬಿಣವನ್ನು ಬಿಗಿಯಾಗಿ ಬಚ್ಚಿಟ್ಟಿರುತ್ತದೆ. ಹಾಗಾಗಿ ಸ್ಯೂಡೊಮೊನಾಸ್ ಕಬ್ಬಿಣ ಹಿಡಿದು ತರುವ ಅಣುಗಳನ್ನು ಹೊರಗೆ ಕಳಿಸುತ್ತದೆ. ಅವು ವಾಪಸ್ ಬರುವಾಗ ಒಳಗೆ ಬಿಟ್ಟುಕೊಳ್ಳಲು ಒಂದು ಬಾಗಿಲು ಇಟ್ಟುಕೊಂಡಿರುತ್ತದೆ. ಕೆಲವು ಪಯೋಸಿನ್‌ಗಳು ಅದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಪಡಿತರ ತಂದವರ ವೇಷದಲ್ಲಿ ಕಳ್ಳ ಬಂದಹಾಗೆ. ತಪ್ಪಿಸಿಕೊಳ್ಳಬೇಕಾದರೆ ಬಾಗಿಲು ಮುಚ್ಚಬೇಕು, ಮುಚ್ಚಿದರೆ ಕಬ್ಬಿಣಕ್ಕೆ ಕೊರತೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದ ಸಂಶೋಧಕರು 2016ರಲ್ಲಿ ಇಲಿಗಳ ಮೂಗಿನ ಮೂಲಕ ನಾಲ್ಕು ಬಗೆಯ ಪಯೋಸಿನ್ ಎದೆಗೆ ಕಳಿಸಿ ನೋಡಿದರು. ಅದರಲ್ಲಿ ಎಸ್5 ಅನ್ನುವುದು, ಸಾಯುವಷ್ಟು ಸ್ಯೂಡೊಮೊನಾಸ್ ಸೋಂಕು ಕೊಟ್ಟ ಇಲಿಗಳನ್ನು ಉಳಿಸಿತು. ಅದೂ ಉಸಿರಿನಲ್ಲಿ ಎಳೆದುಕೊಳ್ಳುವ ಟೊಬ್ರಮೈಸಿನ್ ಅನ್ನುವ ಆ್ಯಂಟಿಬಯೋಟಿಕ್‌ಗೆ ಬೇಕಾಗುವ ಪ್ರಮಾಣದ ನೂರರಲ್ಲಿ ಒಂದು ಪಾಲಿನಲ್ಲಿ. ಶ್ವಾಸಕೋಶ ಕೆರಳಲೂ ಇಲ್ಲ. ಇಲಿಯಲ್ಲಿ ಗೆದ್ದಿದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ ಅನ್ನುವುದು ಈ ಕ್ಷೇತ್ರದ ಹಳೇ ಪಾಠ. ಆದರೂ ನೂರು ಪಟ್ಟು ಅನ್ನುವುದು ಸಣ್ಣ ಮಾತಲ್ಲ.

ಕಷ್ಟ ಇರುವುದು ಜಾಗದ್ದು. ಶ್ವಾಸಕೋಶ ಅನ್ನುವುದು ಔಷಧಿಗೆ ಅಷ್ಟೇನೂ ಅತಿಥಿಸತ್ಕಾರ ಮಾಡುವ ಜಾಗವಲ್ಲ. ಡ್ಯಾಪ್ಟೊಮೈಸಿನ್ ಕಥೆ ಕೇಳಿ. ಅದೂ ಮಣ್ಣಿನ ಬ್ಯಾಕ್ಟೀರಿಯಾದ ವಸ್ತು. ಆರಿಯಸ್ ಮೇಲೆ ಸಿಡಿಲಿನಂತೆ ಎರಗುತ್ತದೆ. 2003ರಲ್ಲಿ ಅಮೆರಿಕದಲ್ಲಿ ಚರ್ಮದ ಸೋಂಕಿಗೆ ಒಪ್ಪಿಗೆ ಪಡೆಯಿತು. ನ್ಯುಮೋನಿಯಾದ ಮೇಲೂ ಪರೀಕ್ಷೆ ನಡೆಸಿದರು. ಸೆಫ್ಟ್ರಿಯಾಕ್ಸೋನ್ ಅನ್ನುವ ಹಳೆಯ ಆ್ಯಂಟಿಬಯೋಟಿಕ್ ಎದುರು ಸೋತುಹೋಯಿತು. ಲ್ಯಾಬಿನ ತಟ್ಟೆಯಲ್ಲಿ ಅದೇ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿ ಎದೆಯಲ್ಲಿ ಯಾಕೆ ಸೋತಿತು?

ನಮ್ಮ ಗಾಳಿಚೀಲಗಳ ಒಳಗೋಡೆಗೆ ಸರ್ಫ್ಯಾಕ್ಟಂಟ್ ಅನ್ನುವ ತೆಳ್ಳನೆಯ ಜಿಡ್ಡಿನ ಪದರ ಇದೆ. ಉಸಿರು ಬಿಟ್ಟಾಗ ಚೀಲ ಅಂಟಿಕೊಳ್ಳದೆ ಇರುವುದು ಇದರಿಂದಲೇ. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಉಸಿರಿಗೆ ಒದ್ದಾಡುವುದು ಈ ಜಿಡ್ಡು ಇನ್ನೂ ಸಾಕಷ್ಟು ಬಂದಿರದ ಕಾರಣಕ್ಕೆ. ಡ್ಯಾಪ್ಟೊಮೈಸಿನ್ ಕೆಲಸ ಮಾಡುವುದೇ ಜಿಡ್ಡಿನ ಪೊರೆಗೆ ನುಗ್ಗಿ. ಬ್ಯಾಕ್ಟೀರಿಯಾದ ಪೊರೆ ಸಿಗುವ ಮೊದಲೇ ಈ ಜಿಡ್ಡು ಸಿಕ್ಕಿತು. ಅದರಲ್ಲೇ ಸಿಕ್ಕಿಹಾಕಿಕೊಂಡಿತು. ಅಂಟಿನ ಹಲಗೆಗೆ ನೊಣ ಅಂಟಿದಂತೆ.

ಜಿಡ್ಡು ದಾಟಿದರೆ ಮುಂದೆ ಕಫ. ಕಫ ದಾಟಿದರೆ, ಸೋಂಕಿನ ಜಾಗದಲ್ಲಿ ಬಿಳಿ ರಕ್ತಕಣಗಳು ಚೆಲ್ಲಿದ ಕಿಣ್ವಗಳು ಪ್ರೋಟೀನ್ ಕಂಡರೆ ಕತ್ತರಿಸಲು ಕಾದಿರುತ್ತವೆ. ರಕ್ತಕ್ಕೆ ಚುಚ್ಚಿದರೆ ದೊಡ್ಡ ಅಣುಗಳು ಎದೆಗೆ ಸರಿಯಾಗಿ ಹಾಯುವುದಿಲ್ಲ. ಉಸಿರಿನ ಮೂಲಕ ಕೊಡಬೇಕೆಂದರೆ ಹನಿಯ ಗಾತ್ರ 1ರಿಂದ 5 ಮೈಕ್ರಾನ್ ಒಳಗಿರಬೇಕು. ದೊಡ್ಡದಾದರೆ ಗಂಟಲಲ್ಲೇ ಉಳಿಯುತ್ತದೆ, ತೀರಾ ಸಣ್ಣದಾದರೆ ಬಂದಹಾಗೇ ಹೊರಗೆ ಹೋಗುತ್ತದೆ. ಅನ್ಯ ಪ್ರೋಟೀನನ್ನು ಪದೇ ಪದೇ ಎಳೆದುಕೊಂಡರೆ ಅಲರ್ಜಿಯ ಭಯ ಬೇರೆ.

ಇಷ್ಟೆಲ್ಲ ಯಾಕೆ, ಮದ್ದು ತಯಾರಿಸುವ ಬ್ಯಾಕ್ಟೀರಿಯಾವನ್ನೇ ಎದೆಗೆ ಕಳಿಸಿದರೆ ಆಗದೇ ಅಂತ ಸ್ಪೇನಿನ ಬಾರ್ಸಿಲೋನಾದ ಸಂಶೋಧಕರು ಯೋಚಿಸಿದರು. ಲೂಯಿಸ್ ಸೆರಾನೊ ಮತ್ತು ಮರಿಯಾ ಯುಚ್ ಅವರ ತಂಡ ಇದಕ್ಕೆ ಆರಿಸಿಕೊಂಡಿದ್ದು ಮೈಕೊಪ್ಲಾಸ್ಮಾ ನ್ಯುಮೋನಿಯೆಯನ್ನು. ಹೆಸರೇ ಹೇಳುವಂತೆ ಅದು ಸ್ವತಃ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ! ಕಳ್ಳನನ್ನೇ ಕಾವಲಿಗೆ ಇಟ್ಟಹಾಗೆ. ಆದರೆ ಆಯ್ಕೆಯ ಹಿಂದೆ ಲೆಕ್ಕ ಇದೆ. ಅದಕ್ಕೆ ಎದೆಯಲ್ಲಿ ಬದುಕಿ ಗೊತ್ತು. ಅದಕ್ಕೆ ಗೋಡೆ ಇಲ್ಲ, ಹಾಗಾಗಿ ಗೋಡೆ ಒಡೆಯುವ ಔಷಧಿಗಳ ಜೊತೆಗೇ ಅದನ್ನು ಕೊಡಬಹುದು. ರೋಗ ತರುವ ಜೀನ್‌ಗಳನ್ನು ತೆಗೆದರು. ಸ್ಯೂಡೊಮೊನಾಸ್ ಕಟ್ಟುವ ಲೋಳೆಯನ್ನು ಕರಗಿಸುವ ಕಿಣ್ವ ಮತ್ತು ಒಂದು ಪಯೋಸಿನ್ ಮಾಡುವ ಜೀನ್‌ಗಳನ್ನು ಸೇರಿಸಿದರು.

ಲೋಳೆ ಅಂದೆನಲ್ಲ, ಅದನ್ನು ಹತ್ತಿರದಿಂದ ನೋಡಬೇಕು. ನೀರಿನ ತೊಟ್ಟಿಯ ಒಳಗೋಡೆಗೆ ಕೈ ಹಾಕಿದರೆ ಜಾರುತ್ತದಲ್ಲ, ಆ ಥರದ್ದು. ವೆಂಟಿಲೇಟರ್‌ಗೆ ಹಾಕಿದವರ ಗಂಟಲಿಗೆ ಇಳಿಸಿದ ಪ್ಲಾಸ್ಟಿಕ್ ಕೊಳವೆಯ ಒಳಗೆ ಕೆಲವೇ ದಿನಗಳಲ್ಲಿ ಇದು ಕಟ್ಟಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾಗಳು ಬೆಚ್ಚಗೆ ಕೂತಿರುತ್ತವೆ. ಆ್ಯಂಟಿಬಯೋಟಿಕ್ ಮೇಲಿಂದ ತೊಳೆದುಕೊಂಡು ಹೋಗುತ್ತದೆ, ಒಳಗಿರುವವಕ್ಕೆ ಅಷ್ಟಾಗಿ ತಾಗುವುದಿಲ್ಲ. ಬಾರ್ಸಿಲೋನಾದವರು ರೋಗಿಗಳಿಂದ ತೆಗೆದ ಕೊಳವೆಗಳ ಮೇಲೆ ತಮ್ಮ ಬ್ಯಾಕ್ಟೀರಿಯಾ ಬಿಟ್ಟಾಗ ಲೋಳೆ ಕರಗಿತು. ಇಲಿಗಳಲ್ಲಿ, ಚಿಕಿತ್ಸೆ ಸಿಗದವಕ್ಕಿಂತ ಎರಡು ಪಟ್ಟು ಬದುಕುಳಿದವು. ಕೆಲಸ ಮುಗಿದ ಮೇಲೆ ನಾಲ್ಕು ದಿನದಲ್ಲಿ ಇಲಿಯ ದೇಹವೇ ಆ ಬ್ಯಾಕ್ಟೀರಿಯಾವನ್ನು ಹೊರಹಾಕಿತು. ಇದು ಪ್ರಕಟವಾಗಿದ್ದು 2023ರಲ್ಲಿ.

ಬದುಕಿರುವ ಬ್ಯಾಕ್ಟೀರಿಯಾ ಕೊಡುವ ಮಾತು ಬಂದಾಗ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಲೇಬೇಕು. ಒಡಿಶಾದ ಹಳ್ಳಿಗಳಲ್ಲಿ 4,556 ಹಸುಗೂಸುಗಳ ಮೇಲೆ ಪಿನಾಕಿ ಪಾಣಿಗ್ರಾಹಿ ಅವರ ತಂಡ ನಡೆಸಿದ ಪ್ರಯೋಗ ಒಂದು. ಹುಟ್ಟಿದ ಕೆಲವೇ ದಿನದ ಮಕ್ಕಳಿಗೆ ಒಂದು ವಾರ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಬ್ಯಾಕ್ಟೀರಿಯಾವನ್ನು ಅದರ ಆಹಾರದ ಜೊತೆ ಬಾಯಿಗೆ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ರಕ್ತದ ಸೋಂಕು ಮತ್ತು ಸಾವು ಸೇರಿ ಶೇ 9ರಿಂದ 5.4ಕ್ಕೆ ಇಳಿಯಿತು. ಆಶ್ಚರ್ಯ ಅಂದರೆ ಎದೆಯ ಸೋಂಕೂ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಬಾಯಿಗೆ ಹಾಕಿದ್ದು ಕರುಳಿಗೆ ಹೋಯಿತು, ಲಾಭ ಎದೆಗೂ ಆಯಿತು. ಇಲ್ಲಿ ಯಾವ ಬಾಣವೂ ಶ್ವಾಸಕೋಶಕ್ಕೆ ಹೋಗಿಲ್ಲ. ಮಗುವಿನ ರೋಗನಿರೋಧಕ ಶಕ್ತಿಯನ್ನೇ ಅದು ತಿದ್ದಿರಬೇಕು.

ಇನ್ನೊಂದು, ಕೆನಡಾ, ಅಮೆರಿಕ, ಸೌದಿ ಅರೇಬಿಯಾದ 44 ಐಸಿಯುಗಳದ್ದು. ವೆಂಟಿಲೇಟರ್ ಮೇಲಿದ್ದ 2,650 ಜನರಲ್ಲಿ ಅರ್ಧದಷ್ಟು ಮಂದಿಗೆ ಲ್ಯಾಕ್ಟೊಬ್ಯಾಸಿಲಸ್ ರ್‍ಹಾಮ್ನೋಸಸ್ ಕೊಟ್ಟರು, ಉಳಿದವರಿಗೆ ಅದೇ ಥರ ಕಾಣುವ ಬರೀ ಪುಡಿ. 2021ರ ಫಲಿತಾಂಶ: ನ್ಯುಮೋನಿಯಾ ಬಂದಿದ್ದು ಶೇ 21.9 ಮತ್ತು ಶೇ 21.3 ಮಂದಿಗೆ. ಅಂದರೆ ಏನೂ ವ್ಯತ್ಯಾಸ ಇಲ್ಲ. ಸಾಲದ್ದಕ್ಕೆ, ಬ್ಯಾಕ್ಟೀರಿಯಾ ತೆಗೆದುಕೊಂಡವರಲ್ಲಿ 15 ಜನರ ರಕ್ತ ಮೊದಲಾದ ಕಡೆ ಅದೇ 'ಒಳ್ಳೆಯ' ಬ್ಯಾಕ್ಟೀರಿಯಾ ಸಿಕ್ಕಿತು. ಪುಡಿಯವರಲ್ಲಿ ಒಬ್ಬರಲ್ಲಿ ಮಾತ್ರ. ಒಡಿಶಾದ ಕೂಸಿಗೆ ಆಗಿಬಂದದ್ದು ಐಸಿಯುನಲ್ಲಿ ಮಲಗಿದ ವಯಸ್ಸಾದವರಿಗೆ ಆಗಿಬರಬೇಕು ಅಂತೇನಿಲ್ಲ. ಒಳ್ಳೆಯದು, ಕೆಟ್ಟದ್ದು ಅನ್ನುವುದು ಬ್ಯಾಕ್ಟೀರಿಯಾದ ಜಾತಿಯಲ್ಲಿ ಬರೆದಿಟ್ಟಿರುವುದಿಲ್ಲ. ಎಲ್ಲಿದೆ, ಯಾರೊಳಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಪ್ರೊಬಯೋಟಿಕ್ ಸ್ಯಾಷೆಗಳ ಜಾಹೀರಾತಿನಲ್ಲಿ ಈ ಎರಡನೇ ಪ್ರಯೋಗ ಕಾಣುವುದಿಲ್ಲ ಬಿಡಿ.

ಹೆಸರು ಗೊತ್ತಿಲ್ಲದ ಶತ್ರು

ನನ್ನ ಚಿಂತೆ ಮಾತ್ರ ಈ ಲ್ಯಾಬ್‌ಗಳದ್ದಲ್ಲ. ಪಯೋಸಿನ್ ನಾಳೆಯೇ ತಯಾರಾಗಿ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂತು ಅಂದುಕೊಳ್ಳಿ. ಯಾರಿಗೆ ಕೊಡುತ್ತೀರಿ?

ಅದು ಸ್ಯೂಡೊಮೊನಾಸನ್ನು ಮಾತ್ರ ಕೊಲ್ಲುತ್ತದೆ. ಅದರಲ್ಲೂ ಆ ಕಬ್ಬಿಣದ ಬಾಗಿಲು ಇರುವ ತಳಿಗಳನ್ನು ಮಾತ್ರ. ರೋಗಿಯ ಎದೆಯಲ್ಲಿರುವುದು ನ್ಯುಮೊಕಾಕಸ್ ಆಗಿದ್ದರೆ ಉಪಯೋಗ ಸೊನ್ನೆ. ವೈರಸ್ ಆಗಿದ್ದರೂ ಸೊನ್ನೆ. ಇಕ್ಕಟ್ಟಿನ ಗುರಿಯ ಮದ್ದಿಗೆ ಶತ್ರುವಿನ ಹೆಸರು ಮೊದಲೇ ಗೊತ್ತಿರಬೇಕು. ಹೆಸರು ಗೊತ್ತಾಗಬೇಕಾದರೆ ಕಫ ಪರೀಕ್ಷೆ ಆಗಬೇಕು.

ಕಫ ಕೊಡುವುದೂ ಒಂದು ವಿದ್ಯೆ. ಬೆಳಿಗ್ಗೆ ಎದ್ದಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯ ತಳದಿಂದ ಕೆಮ್ಮಿ ಡಬ್ಬಿಗೆ ಉಗುಳಬೇಕು. ತುಂಬಾ ಜನ ಕೊಡುವುದು ಎಂಜಲು. ಒಳ್ಳೆಯ ಲ್ಯಾಬಿನಲ್ಲಿ ಅದನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಾಯಿಯ ಒಳಚರ್ಮದ ಕಣಗಳೇ ಜಾಸ್ತಿ ಇದ್ದು, ಕೀವಿನ ಕಣ ಕಡಿಮೆ ಇದ್ದರೆ ವಾಪಸ್ ಕಳಿಸುತ್ತಾರೆ. ಸರಿಯಾದ ಕಫ ಸಿಕ್ಕಿದರೂ ಬ್ಯಾಕ್ಟೀರಿಯಾ ಬೆಳೆದು, ಹೆಸರು ಗೊತ್ತಾಗಿ, ಎಸ್ ಆರ್ ಅಕ್ಷರ ಬರಲು ಎರಡು ಮೂರು ದಿನ ಬೇಕು. ಉಸಿರಿಗೆ ಒದ್ದಾಡುವ ರೋಗಿಯ ಎದುರು ಯಾವ ಡಾಕ್ಟರೂ ಅಷ್ಟು ದಿನ ಕಾಯುವುದಿಲ್ಲ, ಕಾಯಬಾರದು ಕೂಡ. ಎಲ್ಲದಕ್ಕೂ ತಾಗುವ ಔಷಧಿ ಶುರುಮಾಡುತ್ತಾರೆ.

ಇದು ಆಸ್ಪತ್ರೆಯ ಮಾತು. ಅದರ ಹೊರಗೆ ನಡೆಯುವುದು ಗೊತ್ತೇ ಇದೆ. ನಾಲ್ಕು ದಿನ ಕೆಮ್ಮು ಬಿಡಲಿಲ್ಲ ಅಂದರೆ ಮೆಡಿಕಲ್ ಶಾಪಿನ ಕೌಂಟರ್. 'ಕೆಮ್ಮಿಗೆ ಏನಾದ್ರೂ ಕೊಡಣ್ಣ, ಸ್ವಲ್ಪ ಸ್ಟ್ರಾಂಗ್ ಇರ್ಲಿ.' ಕೆಂಪು ಗೆರೆ ಎಳೆದ ಸ್ಟ್ರಿಪ್ಪಿನಿಂದ ಮೂರು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು ಅನ್ನುವುದಕ್ಕೇ ಇರುವ ಗೆರೆ ಅದು. ಕತ್ತರಿ ಆ ಗೆರೆಯ ಮೇಲೇ ಹಾಯುತ್ತದೆ. ಇಂಥ ಕೆಮ್ಮಿನಲ್ಲಿ ಹೆಚ್ಚಿನದು ವೈರಸ್ಸಿನದು, ತಾನಾಗೇ ಹೋಗುವಂಥದ್ದು.

ಅಗಲ ಗುರಿಯ ಔಷಧಿಗೆ ಇರುವ ದೊಡ್ಡ ಅನುಕೂಲ ಇದು: ನಮ್ಮ ಅಜ್ಞಾನವನ್ನು ಅದು ಮುಚ್ಚಿಹಾಕುತ್ತದೆ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಹೊಸ ಔಷಧಿ ಹುಡುಕುವವರೂ ಅಗಲ ಗುರಿಯನ್ನೇ ಆರಿಸಿಕೊಂಡರೆ ತಪ್ಪು ಹೇಳುವ ಹಾಗಿಲ್ಲ. ಬೆಂಗಳೂರಿನ ಬಗ್‌ವರ್ಕ್ಸ್ ಕಂಪನಿ ಬೆಳೆಸುತ್ತಿರುವ ಹೊಸ ಅಣು ಅಂಥದ್ದು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೆಮ್ಮೆಯಿಂದ ಪ್ರಕಟಿಸಿದ ನ್ಯುಮೋನಿಯಾ ಔಷಧಿ ನಾಫಿತ್ರೊಮೈಸಿನ್ ಎರಿಥ್ರೊಮೈಸಿನ್ ವಂಶದ್ದು, ಅಂದರೆ ಸುತ್ತಿಬಳಸಿ ಅದೂ ಮಣ್ಣಿನ ಬ್ಯಾಕ್ಟೀರಿಯಾದ್ದೇ. ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕದ ಅಕಾವೊಜೆನ್ ಕಂಪನಿ 2018ರಲ್ಲಿ ಹೊಸ ಆ್ಯಂಟಿಬಯೋಟಿಕ್‌ಗೆ ಒಪ್ಪಿಗೆ ಪಡೆದು 2019ರಲ್ಲಿ ದಿವಾಳಿಯಾಯಿತು. ಅಪರೂಪಕ್ಕೆ, ಕೆಲವೇ ದಿನ ಬಳಸುವ ಔಷಧಿಯಿಂದ ಕಂಪನಿ ನಡೆಯುವುದಿಲ್ಲ. ಇನ್ನು ಒಂದೇ ಜಾತಿಯ ಬ್ಯಾಕ್ಟೀರಿಯಾಕ್ಕೆ ಮದ್ದು ಮಾಡುವವರ ಪಾಡು ಕೇಳುವುದೇ ಬೇಡ.

ಹಾಗಂತ ಹೆಸರು ಬೇಗ ಪತ್ತೆಹಚ್ಚುವುದು ಆಗದ ಕೆಲಸವೇನಲ್ಲ. ಒಂದು ಕಾಯಿಲೆಯಲ್ಲಿ ನಾವು ಅದನ್ನು ಮಾಡಿ ತೋರಿಸಿದ್ದೇವೆ. ಟ್ರೂನ್ಯಾಟ್ ಅನ್ನುವ ಯಂತ್ರ ನೋಡಿದ್ದೀರಾ? ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್ಬಯೋ ಸೇರಿ ಮಾಡಿದ್ದು. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಕರೆಂಟು ಹೋದರೆ ಬ್ಯಾಟರಿಯಲ್ಲೇ ಓಡುತ್ತದೆ, ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಹಾಗೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಕಫ ಕೊಟ್ಟರೆ ಅದೇ ದಿನ ಕ್ಷಯ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದ್ದರೆ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೋ ಇಲ್ಲವೋ ಅನ್ನುವುದೂ. ನ್ಯುಮೋನಿಯಾ ತರುವ ಹತ್ತಾರು ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಸುಮಾರು ಒಂದು ಗಂಟೆಯಲ್ಲಿ ಗುರುತಿಸುವ ಪರೀಕ್ಷೆಗಳೂ ಇವೆ. ಬೆಲೆ ದುಬಾರಿ, ಸಿಗುವುದು ಹೆಚ್ಚಾಗಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ.

ಸದ್ಯಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವುದು ಹೀಗೆ. ಹಿತ್ತಲಲ್ಲಿ ಕೂತು ಕೆಮ್ಮುವ ಆ ಅಜ್ಜನನ್ನು ಮಗ ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾನೆ. ಹಳೆಯ ಕ್ಷಯ ಮತ್ತೆ ಬಂತೇನೋ ಅಂತ ಹೆದರಿಕೆ. ಡಬ್ಬಿ ಕೊಡುತ್ತಾರೆ. ಅಜ್ಜ ಎದೆ ಹಿಡಿದು ಕೆಮ್ಮಿ, ಹಸಿರು ಕಫ ಉಗುಳಿ, ಮುಚ್ಚಳ ತಿರುಗಿಸಿ ಕೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು: ಕ್ಷಯ ಇಲ್ಲ. ಮಗನಿಗೆ ಸಮಾಧಾನ. ಹಾಗಾದರೆ ಎದೆಯಲ್ಲಿರುವುದು ಯಾವುದು ಅಂತ ಆ ಯಂತ್ರವನ್ನು ಯಾರೂ ಕೇಳಲಿಲ್ಲ, ಕೇಳಿದರೂ ಅದಕ್ಕೆ ಹೇಳಲು ಬರುವುದಿಲ್ಲ. ಅಜ್ಜನ ಜೇಬಿಗೆ ಐದು ದಿನದ ಮಾತ್ರೆ ಸೇರುತ್ತದೆ. ಡಬ್ಬಿಯಲ್ಲಿ ಉಳಿದ ಕಫ ಕ್ರಿಮಿನಾಶಕದ ಬಕೆಟ್‌ಗೆ ಹೋಗುತ್ತದೆ.